ಪರದೇಶದ ಇಂಟರ್ನ್‌ಶಿಪ್ ಮತ್ತು ಕಾಲೇಜಿನ ಸೀಟು

ಹೈಸ್ಕೂಲು, ಪಿಯುಸಿ ಓದುವ ಹುಡುಗ ಹುಡುಗಿಯರನ್ನು ರಜೆಯಲ್ಲಿ ಕೆಲವು ವಾರ ಪರದೇಶದ ಪ್ರಯೋಗಾಲಯಕ್ಕೋ ಕಂಪನಿಗೋ ಆಸ್ಪತ್ರೆಗೋ ಕಳಿಸಿ, ಅಲ್ಲಿಯ ಅನುಭವವನ್ನು ಮುಂದೆ ಕಾಲೇಜಿನ ಅರ್ಜಿಯಲ್ಲಿ ಕಾಣಿಸುವ ಪದ್ಧತಿ ಈಚಿನ ದಶಕಗಳಲ್ಲಿ ಬೆಳೆದು ಬಂದಿದೆ. ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಗಳಿಗೆ ಇದು ಹೊಸ ಮಾತಲ್ಲ. ಮೊಬೈಲಿನ ಜಾಹೀರಾತುಗಳಿಂದಾಗಿ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಮನೆಗಳಲ್ಲೂ ಇದರ ಮಾತು ಬರತೊಡಗಿದೆ. ಲಕ್ಷಗಟ್ಟಲೆ ಶುಲ್ಕ ಕೇಳುವ ಕಾರ್ಯಕ್ರಮಗಳು ಕೊಡುವ ಭರವಸೆ ಒಂದೇ: ಇದರಿಂದ ಒಳ್ಳೆಯ ಕಾಲೇಜಿನಲ್ಲಿ ಸೀಟು ಸಿಗುತ್ತದೆ. ಆ ಭರವಸೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಸೀಟು ಯಾವ ಕಾಲೇಜಿನದು, ಅದನ್ನು ಹಂಚುವ ನಿಯಮ ಯಾವುದು ಎಂದು ನೋಡಿಯೇ ತಿಳಿಯಬೇಕು.

ಹಾವೇರಿ ಜಿಲ್ಲೆಯ ಬಹುಪಾಲು ಮಕ್ಕಳು ತಟ್ಟುವ ಬಾಗಿಲು ಕರ್ನಾಟಕದ ವೃತ್ತಿಶಿಕ್ಷಣದ್ದು. 1994ರಿಂದ ರಾಜ್ಯದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ನಡೆಯುತ್ತಿದೆ. ಈಗ ಅದರ ಹೊಣೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ್ದು. ಎಂಜಿನಿಯರಿಂಗ್ ಸೀಟಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಗೆ ಅರ್ಧ ತೂಕ, ಸಿಇಟಿ ಅಂಕಗಳಿಗೆ ಅರ್ಧ ತೂಕ ಕೊಟ್ಟು ರ‍್ಯಾಂಕ್ ನಿರ್ಧರಿಸುತ್ತಾರೆ. ವೈದ್ಯಕೀಯಕ್ಕೆ ನೀಟ್, ಐಐಟಿಗಳಿಗೆ ಜೆಇಇ ಅಡ್ವಾನ್ಸ್ಡ್, ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಿಂದ ಸಿಯುಇಟಿ. ಈ ಯಾವ ಲೆಕ್ಕದಲ್ಲೂ ಇಂಟರ್ನ್‌ಶಿಪ್‌ಗೆ ಒಂದು ಅಂಕವೂ ಇಲ್ಲ. ಜಿನೀವಾದ ಪ್ರಯೋಗಾಲಯದಲ್ಲಿ ತಿಂಗಳು ಕಳೆದ ವಿದ್ಯಾರ್ಥಿಗೂ ಗುತ್ತಲದಿಂದ ಆಚೆಗೆ ಹೋಗದ ವಿದ್ಯಾರ್ಥಿಗೂ ಸಿಇಟಿಯ ಉತ್ತರ ಪತ್ರಿಕೆ ಒಂದೇ.

ಪರೀಕ್ಷೆಯಾಚೆಯ ಸಂಗತಿಗಳನ್ನು ಈ ವ್ಯವಸ್ಥೆ ಪೂರ್ತಿ ಬಿಟ್ಟಿದೆ ಎಂದಲ್ಲ. ವಿಶೇಷ ವರ್ಗಗಳಲ್ಲಿ ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ಸ್ಥಾನವಿದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಸೀಟುಗಳ ಮೀಸಲು ಇದೆ. ಹಾವೇರಿ ತಾಲೂಕಿನ ಹೊಸರಿತ್ತಿಯ ಶಾಲೆಯಲ್ಲಿ ಹತ್ತು ವರ್ಷ ಕನ್ನಡದಲ್ಲಿ ಓದಿದ ಮಗುವಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಪ್ರಾಧಿಕಾರದ ಪರಿಶೀಲನಾ ಮೇಜಿನ ಮುಂದೆ ಬೆಲೆ ಇದೆ. ಪರದೇಶದ ಕಂಪನಿ ಕೊಟ್ಟ ಪ್ರಮಾಣಪತ್ರಕ್ಕೆ ಅಲ್ಲಿ ಇಲ್ಲ. ಐಐಟಿ ಮದ್ರಾಸ್ ಈಚೆಗೆ ಕ್ರೀಡಾ ಸಾಧಕರಿಗೆ, ಆಮೇಲೆ ಕಲಾ ಸಾಧಕರಿಗೆ ಕೆಲವು ಸೀಟುಗಳನ್ನು ತೆರೆದಿದೆ. ಅದಕ್ಕೂ ಮೊದಲು ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು, ಮತ್ತು ಅಲ್ಲಿ ಕೂಡ ಇಂಟರ್ನ್‌ಶಿಪ್ ಎಂಬ ಕಾಲಂ ಇಲ್ಲ.

ಇಂಟರ್ನ್‌ಶಿಪ್‌ಗೆ ಬೆಲೆ ಇಲ್ಲದಿದ್ದರೆ ಹೋಗಲಿ, ಅದರಿಂದ ನಷ್ಟವೂ ಆಗಬಹುದು. ಪಿಯು ಕಾಲೇಜುಗಳ ದೊಡ್ಡ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಅಮೆರಿಕ, ಯುರೋಪುಗಳ ಬೇಸಿಗೆಯ ಕಾರ್ಯಕ್ರಮಗಳು ಸಾಮಾನ್ಯವಾಗಿ ಜೂನ್ ಮಧ್ಯದಿಂದ ಆಗಸ್ಟ್‌ವರೆಗೆ ನಡೆಯುತ್ತವೆ. ಆ ಹೊತ್ತಿಗೆ ಇಲ್ಲಿ ದ್ವಿತೀಯ ಪಿಯುಸಿಯ ಪಾಠ ಶುರುವಾಗಿರುತ್ತದೆ. ಪರೀಕ್ಷೆಗೆ ಕೂರಬೇಕಾದರೆ ಶೇ. 75 ಹಾಜರಾತಿ ಬೇಕು. ಆರು ವಾರ ತರಗತಿ ಬಿಟ್ಟವರು ಹಾಜರಾತಿಯಲ್ಲಿ ಹಿಂದೆ ಬೀಳುತ್ತಾರೆ, ಕ್ಯಾಲ್ಕ್ಯುಲಸ್‌ನ ಮೊದಲ ಅಧ್ಯಾಯಗಳು ತಪ್ಪಿ ಮುಂದಿನವು ತಲೆಗೆ ಹತ್ತುವುದಿಲ್ಲ, ಮತ್ತು ರ‍್ಯಾಂಕಿನ ಅರ್ಧ ತೂಕ ಹೊತ್ತ ಪಿಯುಸಿ ಅಂಕ ಇಳಿಯುತ್ತದೆ. ಸಿಇಟಿಯನ್ನೇ ನಂಬಿದ ವಿದ್ಯಾರ್ಥಿಗೆ ಇಂಥ ಪ್ರವಾಸ ಸೀಟಿನ ಸಮೀಪಕ್ಕೆ ಒಯ್ಯುವುದಕ್ಕಿಂತ ಸೀಟಿನಿಂದ ದೂರ ಒಯ್ಯುವ ಸಂಭವವೇ ಹೆಚ್ಚು. ಎರಡು ಕಡೆಯ ಕ್ಯಾಲೆಂಡರು ಹೊಂದುವುದಿಲ್ಲ ಎಂಬ ಸಂಗತಿಯನ್ನು ಪಾಲಕರಿಗೆ ಯಾವ ಜಾಹೀರಾತೂ ಹೇಳುವುದಿಲ್ಲ.

ಕೈಯಿಂದ ಮಾಡಿದ ಕೆಲಸಕ್ಕೆ ಅಂಕ ಸಿಗುವ ಒಂದು ಬಾಗಿಲು ಮಾತ್ರ ಕರ್ನಾಟಕದಲ್ಲಿ ಬಹುಕಾಲದಿಂದ ತೆರೆದಿದೆ. ಬಿಎಸ್‌ಸಿ ಕೃಷಿ ಮತ್ತು ಅದಕ್ಕೆ ಹೊಂದಿದ ತೋಟಗಾರಿಕೆ, ಅರಣ್ಯ, ಪಶುವೈದ್ಯ ಮುಂತಾದ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಹಿಂದೆ ಶೇ. 40 ಇದ್ದದ್ದನ್ನು ಶೇ. 50ಕ್ಕೆ ಏರಿಸಲಾಗಿದೆ. ಈ ಕೋಟಾದ ಅಭ್ಯರ್ಥಿಗಳು ಸಿಇಟಿಯ ಜೊತೆಗೆ ಪ್ರಾಯೋಗಿಕ ಪರೀಕ್ಷೆಯನ್ನೂ ಎದುರಿಸುತ್ತಾರೆ. ಮೇಜಿನ ಮೇಲೆ ಇಟ್ಟ ಬೀಜ ಯಾವುದು, ಗೊಬ್ಬರ ಯಾವುದು, ಈ ಸಲಕರಣೆಯಿಂದ ಏನು ಮಾಡುತ್ತಾರೆ, ಈ ಎಲೆಗೆ ಹತ್ತಿದ ರೋಗ ಯಾವುದು ಎಂಬಂಥ ಪ್ರಶ್ನೆಗಳು ಅಲ್ಲಿ ಬರುತ್ತವೆ. ಹೊಲದಲ್ಲಿ ಗೋವಿನಜೋಳ ಬಿತ್ತುವಾಗ ಅಪ್ಪನ ಹಿಂದೆ ನಡೆದ ಹುಡುಗಿಗೆ, ಕೂರಿಗೆಯ ತಾಳು ಮತ್ತು ಎಡೆಕುಂಟೆಯ ಕುಡದ ವ್ಯತ್ಯಾಸ ಬಲ್ಲ ಹುಡುಗನಿಗೆ ಈ ಪರೀಕ್ಷೆಯಲ್ಲಿ ಸಿಗುವ ಅಂಕ ಯಾವ ಕೋಚಿಂಗಿನಿಂದಲೂ ಪೂರ್ತಿ ಬರುವಂಥದ್ದಲ್ಲ. ಕೆಲಸದ ಅನುಭವವನ್ನು ಕಾಗದದ ಪ್ರಮಾಣಪತ್ರದಿಂದ ಅಳೆಯದೆ ಎದುರಿಗೆ ನಿಲ್ಲಿಸಿ ಅಳೆಯುವ ಈ ಕ್ರಮ ನ್ಯಾಯವಾದದ್ದು. ಅದರ ಹಿರಿಮೆಯನ್ನು ಶಿಕ್ಷಣದ ಚರ್ಚೆಗಳು ಸಾಕಷ್ಟು ಗುರುತಿಸಿಲ್ಲ. ಹಾವೇರಿ ಜಿಲ್ಲೆಯೊಳಗೇ ರಾಣೇಬೆನ್ನೂರು ತಾಲೂಕಿನ ಹನುಮನಮಟ್ಟಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದೆ. ದೇವಿಹೊಸೂರಿನಲ್ಲಿ ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು ಇದೆ. ಹೊಸರಿತ್ತಿಯ ಮಗುವಿಗೆ ಈ ಎರಡೂ ದಿನಕ್ಕೆ ಹೋಗಿ ಬರುವಷ್ಟು ಹತ್ತಿರ.

ಭಾರತದ ಕೆಲವು ಸಂಸ್ಥೆಗಳು ಅಂಕದ ಜೊತೆಗೆ ವ್ಯಕ್ತಿಯನ್ನೂ ನೋಡುತ್ತವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಪ್ರವೇಶದಲ್ಲಿ ಕೈಕೆಲಸದ ಪರೀಕ್ಷೆ ಇದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ತನ್ನದೇ ಪರೀಕ್ಷೆಯ ಬಳಿಕ ಸಂದರ್ಶನ ನಡೆಸುತ್ತದೆ, ಕುಟುಂಬದ ಆದಾಯ ನೋಡಿ ಶುಲ್ಕ ಮಾಫಿ ಮಾಡುತ್ತದೆ. 2014ರಲ್ಲಿ ತರಗತಿಗಳನ್ನು ಆರಂಭಿಸಿದ ಹರಿಯಾಣದ ಅಶೋಕ ವಿಶ್ವವಿದ್ಯಾಲಯ ಪ್ರಬಂಧ, ಸಂದರ್ಶನಗಳನ್ನು ಬಳಸುತ್ತದೆ. ಇಂಥ ಸಂದರ್ಶನದಲ್ಲಿ ಪರದೇಶದ ಅನುಭವವನ್ನು ಹೇಳಿಕೊಳ್ಳಬಹುದು. ಆದರೆ ಎದುರಿಗೆ ಕುಳಿತವರ ಎರಡನೆಯ ಪ್ರಶ್ನೆ ‘ಅಲ್ಲಿ ನೀವೇನು ಮಾಡಿದಿರಿ’ ಎಂದಾಗಿರುತ್ತದೆ. ಆ ಪ್ರಶ್ನೆಗೆ ಊರಿನ ಹೆಸರು ಉತ್ತರವಾಗುವುದಿಲ್ಲ.

ಪರದೇಶದ ಇಂಟರ್ನ್‌ಶಿಪ್‌ನ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಅಮೆರಿಕದ ಪ್ರವೇಶ ಪದ್ಧತಿಯಿಂದ. ಅಲ್ಲಿಯ ಪ್ರಸಿದ್ಧ ವಿಶ್ವವಿದ್ಯಾಲಯಗಳು ಅಂಕಗಳೊಂದಿಗೆ ಪ್ರಬಂಧ, ಶಿಕ್ಷಕರ ಪತ್ರ, ತರಗತಿಯಾಚೆಯ ಚಟುವಟಿಕೆ ಎಲ್ಲವನ್ನೂ ಒಟ್ಟಾಗಿ ಓದುತ್ತವೆ. ಈ ಸಮಗ್ರ ಪರಿಶೀಲನೆಯ ಇತಿಹಾಸ ಅಷ್ಟೇನೂ ನಿರ್ಮಲವಲ್ಲ. 1920ರ ದಶಕದಲ್ಲಿ ಪರೀಕ್ಷೆಯಲ್ಲಿ ಮುಂದಿದ್ದ ಯಹೂದಿ ವಿದ್ಯಾರ್ಥಿಗಳ ಸಂಖ್ಯೆಯನ್ನು ತಗ್ಗಿಸಲು ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳು ‘ನಡತೆ’, ‘ವ್ಯಕ್ತಿತ್ವ’ ಎಂಬ ಅಳತೆಗಳನ್ನು ತಂದವು. ಮುಂದೆ ಅದೇ ಕ್ರಮ ಬಡ ಮತ್ತು ಹಿಂದುಳಿದ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಅವರ ಪರಿಸ್ಥಿತಿಯೊಂದಿಗೆ ಅರಿಯುವ ಸಾಧನವೂ ಆಯಿತು. ಹಣವುಳ್ಳವರು ಅದರೊಳಗೆ ದಾರಿ ಮಾಡಿಕೊಂಡದ್ದೂ ಅಷ್ಟೇ ನಿಜ.

ಒಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಬಳಸುವ ‘ಕಾಮನ್ ಅಪ್ಲಿಕೇಶನ್’ ಎಂಬ ಅರ್ಜಿಯನ್ನು ತೆರೆದು ನೋಡಿದರೆ ಇಂಟರ್ನ್‌ಶಿಪ್‌ಗೆ ಸಿಗುವ ಜಾಗ ಎಷ್ಟೆಂಬುದು ಗೊತ್ತಾಗುತ್ತದೆ. ಚಟುವಟಿಕೆಗಳಿಗೆ ಹತ್ತು ಸಾಲು. ಪ್ರತಿ ಸಾಲಿನ ವಿವರಣೆಗೆ 150 ಅಕ್ಷರಗಳ ಮಿತಿ. ಅದರ ಪಕ್ಕದಲ್ಲಿ ಯಾವ ತರಗತಿಯಲ್ಲಿದ್ದಾಗ ಮಾಡಿದ್ದು, ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದು ತುಂಬಬೇಕು. ಎರಡು ವಾರದ ಪರದೇಶ ಪ್ರವಾಸ ಈ ಕೋಷ್ಟಕದಲ್ಲಿ ಎರಡು ವಾರವಾಗಿಯೇ ಕಾಣುತ್ತದೆ. ಬ್ಯಾಡಗಿಯಲ್ಲಿ ಅಪ್ಪನ ಅಡತಿ ಅಂಗಡಿಯ ಲೆಕ್ಕವನ್ನು ಪೇಟೆಯ ದಿನಗಳಲ್ಲಿ ಮೂರು ವರ್ಷ ಬರೆದ ಹುಡುಗಿಯ ಸಾಲಿನಲ್ಲಿ ವರ್ಷಕ್ಕೆ ನಲವತ್ತು ವಾರ ಎಂದು ಬರುತ್ತದೆ. ಚಟುವಟಿಕೆಯ ಬಗೆಗಳ ಪಟ್ಟಿಯಲ್ಲಿ ಸಂಬಳದ ಕೆಲಸ ಮತ್ತು ಕುಟುಂಬದ ಜವಾಬ್ದಾರಿ ಎಂಬ ಎರಡು ಬಗೆಗಳು ಬೇರೆಬೇರೆಯಾಗಿಯೇ ಇವೆ. ತಮ್ಮ ತಂಗಿಯರನ್ನು ನೋಡಿಕೊಂಡದ್ದು, ಎಮ್ಮೆ ಹಿಂಡಿ ಡೇರಿಗೆ ಹಾಲು ಹಾಕಿದ್ದು ಬರೆಯಲು ಯೋಗ್ಯವಲ್ಲವೆಂದು ನಮ್ಮ ಕಡೆಯ ಮಕ್ಕಳು ಬಿಟ್ಟುಬಿಡುತ್ತಾರೆ. ಅದು ಬರೆಯಲೇಬೇಕಾದ ಸಂಗತಿ.

ಒಳಗೆ ಕುಳಿತು ಅಂಕ ಹಾಕುವವರ ಕ್ರಮ ಹೊರಗೆ ಬಂದದ್ದು ಹಾರ್ವರ್ಡ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ. 2018ರ ವಿಚಾರಣೆಯ ಹೊತ್ತಿಗೆ ಆ ವಿಶ್ವವಿದ್ಯಾಲಯ ಅರ್ಜಿದಾರರಿಗೆ ಓದು, ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂದು ಬೇರೆಬೇರೆ ದರ್ಜೆ ಕೊಡುತ್ತದೆ, 1 ಅತ್ಯುತ್ತಮ ಎಂಬುದು ಬಹಿರಂಗವಾಯಿತು. ಚಟುವಟಿಕೆಯಲ್ಲಿ ಅತಿ ಮೇಲಿನ ದರ್ಜೆ ಸಿಗುವುದು ರಾಷ್ಟ್ರಮಟ್ಟದ ಸಾಧನೆಯಂಥದ್ದಕ್ಕೆ. ಶುಲ್ಕ ಕಟ್ಟಿ ಸೇರುವ ಕಾರ್ಯಕ್ರಮ ಆ ಮಟ್ಟಕ್ಕೆ ಹತ್ತುವುದಿಲ್ಲ. ತಮ್ಮ ಆವರಣದಲ್ಲೇ ನಡೆಯುವ ಬೇಸಿಗೆ ಕೋರ್ಸಿಗೆ ಹಣ ಕಟ್ಟಿ ಬಂದರೆ ಮುಂದೆ ಸೀಟು ಖಚಿತವೆಂದು ತಿಳಿಯಬಾರದು ಎಂದು ಹಲವು ವಿಶ್ವವಿದ್ಯಾಲಯಗಳು ತಾವೇ ಎಚ್ಚರಿಸುತ್ತವೆ.

ಹಾಗಾದರೆ ಹಣಕ್ಕೆ ಪ್ರಭಾವವೇ ಇಲ್ಲವೆ? ಇದೆ. 2023ರ ಜುಲೈಯಲ್ಲಿ ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಅಮೆರಿಕದ 12 ಅಗ್ರ ಕಾಲೇಜುಗಳ ಪ್ರವೇಶವನ್ನು ತೆರಿಗೆ ದಾಖಲೆಗಳೊಂದಿಗೆ ಹೋಲಿಸಿ ಪ್ರಬಂಧ ಪ್ರಕಟಿಸಿದರು. ಪ್ರವೇಶ ಪರೀಕ್ಷೆಯಲ್ಲಿ ಒಂದೇ ಅಂಕ ಪಡೆದಿದ್ದರೂ ಮಧ್ಯಮ ವರ್ಗದ ಮಕ್ಕಳಿಗಿಂತ ಅತಿ ಶ್ರೀಮಂತ ಶೇ. 1 ಕುಟುಂಬಗಳ ಮಕ್ಕಳು ಈ ಕಾಲೇಜುಗಳಿಗೆ ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು ಎಂದು ಅದರಲ್ಲಿ ಕಂಡುಬಂತು. ಅದಕ್ಕೆ ಅವರು ತೋರಿಸಿದ ಮುಖ್ಯ ಕಾರಣಗಳು ಮೂರು: ಹಿಂದೆ ಅಲ್ಲೇ ಓದಿದವರ ಮಕ್ಕಳಿಗೆ ಕೊಡುವ ಆದ್ಯತೆ, ಕ್ರೀಡಾಪಟುಗಳ ಆಯ್ಕೆ, ಮತ್ತು ಓದಿನಾಚೆಯ ಗುಣಗಳಿಗೆ ಕೊಡುವ ದರ್ಜೆ. ಮೂರನೆಯದು ಈ ವಿಷಯಕ್ಕೆ ನೇರ ಸಂಬಂಧಪಟ್ಟದ್ದು. ದುಬಾರಿ ಖಾಸಗಿ ಶಾಲೆಗಳ ಮಕ್ಕಳಿಗೆ ಆ ದರ್ಜೆ ಹೆಚ್ಚು ಸಿಗುತ್ತದೆ. ಆದರೆ ಮುಂದಿನ ಬದುಕಿನ ಯಶಸ್ಸನ್ನು ಮುನ್ಸೂಚಿಸಿದ್ದು ಓದಿನ ಅಂಕವೇ ಹೊರತು ಆ ದರ್ಜೆಯಲ್ಲ. ಅಂದರೆ ಶ್ರೀಮಂತ ಹಿನ್ನೆಲೆ ಅರ್ಜಿಗೆ ಬಲ ಕೊಡುವುದು ಹೌದು. ಆ ಬಲ ವರ್ಷಗಳ ಕಾಲದ ಶಾಲೆ, ಸಲಹೆಗಾರರು, ಪತ್ರಗಳು ಎಲ್ಲ ಕೂಡಿ ಬರುವಂಥದ್ದು. ಸಾಲ ಮಾಡಿ ಒಂದು ಬೇಸಿಗೆಯ ವಿಮಾನದ ಟಿಕೆಟ್ ಕೊಂಡ ರೈತ ಕುಟುಂಬಕ್ಕೆ ಅದು ದಕ್ಕುವುದಿಲ್ಲ. ಇಂಥ ಸಾಲಕ್ಕೆ ಯಾರನ್ನೂ ದೂಡಬಾರದು.

ಈ ಅಸಮಾನತೆಯನ್ನು ಅಲ್ಲಿಯ ಶಿಕ್ಷಣತಜ್ಞರು ಅದಕ್ಕೆ ಮೊದಲೇ ಎತ್ತಿದ್ದರು. ಹಾರ್ವರ್ಡ್‌ನ ಶಿಕ್ಷಣ ವಿಭಾಗದ ಯೋಜನೆಯೊಂದು 2016ರ ಜನವರಿಯಲ್ಲಿ ‘ಟರ್ನಿಂಗ್ ದ ಟೈಡ್’ ಎಂಬ ವರದಿಯನ್ನು ಹೊರತಂದಿತು. ದೂರದ ದೇಶಕ್ಕೆ ಹೋಗಿ ಮಾಡುವ ಅಲ್ಪಾವಧಿ ಸೇವೆಗಿಂತ ಊರಲ್ಲೇ ದೀರ್ಘಕಾಲ, ಇತರರೊಡನೆ ಕೂಡಿ ಮಾಡಿದ ಕೆಲಸಕ್ಕೆ ಬೆಲೆ ಕೊಡಬೇಕು, ಮನೆಗೆ ದುಡಿದು ಹಾಕುವ ಮಗುವಿನ ಕೆಲಸವನ್ನೂ ಸೇವೆಯಂತೆಯೇ ಕಾಣಬೇಕು ಎಂಬುದು ಅದರ ಸಾರ. ಹಲವು ಕಾಲೇಜುಗಳ ಪ್ರವೇಶಾಧಿಕಾರಿಗಳು ಇದಕ್ಕೆ ಒಪ್ಪಿಗೆ ಸೂಚಿಸಿದರು. 2019ರಲ್ಲಿ ಅಮೆರಿಕದಲ್ಲಿ ಬಯಲಾದ ಕಾಲೇಜು ಪ್ರವೇಶ ಹಗರಣದಲ್ಲಿ ಆಡದ ಆಟಗಳ ಸಾಧನೆಯನ್ನು ಸೃಷ್ಟಿಸಿ ಸೀಟು ಕೊಡಿಸಿದ್ದು ಸಾಬೀತಾದ ಮೇಲಂತೂ ಥಳಕಿನ ಚಟುವಟಿಕೆಗಳನ್ನು ಅನುಮಾನದಿಂದ ನೋಡುವುದು ಹೆಚ್ಚಾಗಿದೆ.

ಬ್ರಿಟನ್ನಿನ ಕ್ರಮ ಇದಕ್ಕಿಂತ ಸರಳ. ಅಲ್ಲಿ ಮೊದಲ ದಿನದಿಂದಲೇ ಒಂದು ವಿಷಯಕ್ಕೆ ಸೇರುವುದರಿಂದ ಆ ವಿಷಯದ ಮೇಲಿನ ಹಿಡಿತವನ್ನೇ ನೋಡುತ್ತಾರೆ. ಯುಕಾಸ್ ಎಂಬ ಒಂದೇ ಅರ್ಜಿಯಲ್ಲಿ 4,000 ಅಕ್ಷರಗಳ ಹೇಳಿಕೆ ಬರೆಯಬೇಕು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯವನ್ನೇ ಏಕೆ ಓದಬೇಕು, ಶಾಲೆಯ ಓದು ಅದಕ್ಕೆ ಹೇಗೆ ಸಿದ್ಧಗೊಳಿಸಿದೆ, ಶಾಲೆಯ ಹೊರಗೆ ಮತ್ತೇನು ಮಾಡಿದ್ದೀರಿ. ಇಂಟರ್ನ್‌ಶಿಪ್ ಮೂರನೆಯದರಲ್ಲಿ ಬರುತ್ತದೆ. ವೈದ್ಯಕೀಯಕ್ಕೆ ಸೇರುವವರಿಂದ ಅಲ್ಲಿ ಅನುಭವವನ್ನು ನಿರೀಕ್ಷಿಸುತ್ತಾರಾದರೂ ಅದು ದೊಡ್ಡ ಆಸ್ಪತ್ರೆಯ ವೈದ್ಯರ ಹಿಂದೆ ಸುತ್ತಿದ ಅನುಭವವೇ ಆಗಬೇಕಿಲ್ಲ. ವಯಸ್ಸಾದವರ, ಅಂಗವಿಕಲರ ಆರೈಕೆ ಮಾಡಿದ್ದೂ ನಡೆಯುತ್ತದೆ. ಜರ್ಮನಿಯಲ್ಲಿ ಅರ್ಹತೆ ನಿರ್ಧಾರವಾಗುವುದು ಅಂಕಪಟ್ಟಿ ಮತ್ತು ದಾಖಲೆ ಪರಿಶೀಲನೆಯಿಂದ. ಅಲ್ಲಿಯ ಅನ್ವಯಿಕ ವಿಜ್ಞಾನದ ಕೆಲವು ಕಾಲೇಜುಗಳು ಎಂಜಿನಿಯರಿಂಗ್‌ಗೆ ಮೊದಲು ಕೆಲವು ವಾರ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿರಬೇಕು ಎನ್ನುತ್ತವೆ. ಇಂಟರ್ನ್‌ಶಿಪ್ ನಿಜಕ್ಕೂ ಶರತ್ತಾಗಿರುವ ಅಪರೂಪದ ಕಡೆ ಇದು. ಅಲ್ಲಿ ಕೇಳುವುದು ಲೇತ್, ವೆಲ್ಡಿಂಗ್‌ಗಳ ಪರಿಚಯ.

ವೀಸಾ ಕಾನೂನು ಈ ವಿಷಯದಲ್ಲಿ ಮಾರಾಟಗಾರರು ಮರೆಮಾಚುವ ಇನ್ನೊಂದು ಸಂಗತಿ. ಅಮೆರಿಕದ ಜೆ-1 ವೀಸಾದ ಇಂಟರ್ನ್ ವರ್ಗಕ್ಕೆ ಅರ್ಹರಾಗಬೇಕಾದರೆ ಹೈಸ್ಕೂಲು ದಾಟಿ ಉನ್ನತ ಶಿಕ್ಷಣ ಸಂಸ್ಥೆಯಲ್ಲಿ ಓದುತ್ತಿರಬೇಕು, ಅಥವಾ ಆ ಓದು ಮುಗಿದು 12 ತಿಂಗಳು ಮೀರಿರಬಾರದು. ಪ್ರವಾಸಿ ವೀಸಾದಲ್ಲಿ ಉದ್ಯೋಗ ಮಾಡುವಂತಿಲ್ಲ. ಹೀಗಾಗಿ 16 ವರ್ಷದ ಭಾರತೀಯ ವಿದ್ಯಾರ್ಥಿಗೆ ಅಲ್ಲಿ ಇಂಟರ್ನ್‌ಶಿಪ್ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಉಪನ್ಯಾಸ, ಭೇಟಿ, ಗುಂಪು ಚಟುವಟಿಕೆ. ಅದರಿಂದ ತಿಳಿವಳಿಕೆ ಬೆಳೆಯಬಹುದು, ಬೇರೆ ಜನರೊಡನೆ ಬೆರೆಯುವ ಧೈರ್ಯ ಬರಬಹುದು. ಅವು ಒಳ್ಳೆಯ ಫಲಗಳೇ. ಆದರೆ ಜವಾಬ್ದಾರಿ ಹೊತ್ತು ಮಾಡಿದ ಕೆಲಸವೆಂದು ಅದನ್ನು ಅರ್ಜಿಯಲ್ಲಿ ಬರೆದರೆ ಓದುವವರು ನಂಬುವುದು ಕಷ್ಟ.

ಹಣ ಕೊಟ್ಟು ಹೋಗುವುದಕ್ಕೂ ಆಯ್ಕೆಯಾಗಿ ಹೋಗುವುದಕ್ಕೂ ಪ್ರವೇಶಾಧಿಕಾರಿಗಳು ದೊಡ್ಡ ಅಂತರ ಕಾಣುತ್ತಾರೆ. ಎರಡನೆಯ ದಾರಿ ಸರ್ಕಾರಿ ಶಾಲೆಯ ಮಕ್ಕಳಿಗೂ ಇದೆ. ಕೇಂದ್ರ ಸರ್ಕಾರದ ಇನ್‌ಸ್ಪೈರ್-ಮಾನಕ್ ಯೋಜನೆಗೆ ಶಾಲೆಗಳು ತಮ್ಮ ಮಕ್ಕಳ ಹೊಸ ಯೋಚನೆಗಳನ್ನು ಕಳಿಸುತ್ತವೆ. ಆಯ್ಕೆಯಾದವರಿಗೆ ಮಾದರಿ ತಯಾರಿಸಲು ₹10,000 ಸಿಗುತ್ತದೆ. ಜಿಲ್ಲೆ, ರಾಜ್ಯ ದಾಟಿ ರಾಷ್ಟ್ರಮಟ್ಟದಲ್ಲಿ ಗೆದ್ದವರಲ್ಲಿ ಕೆಲವರನ್ನು ಜಪಾನಿನ ಸಕುರಾ ವಿಜ್ಞಾನ ವಿನಿಮಯ ಕಾರ್ಯಕ್ರಮಕ್ಕೆ ಕಳಿಸುತ್ತಾರೆ. ಆ ಕಾರ್ಯಕ್ರಮ 2014ರಲ್ಲಿ ಶುರುವಾದದ್ದು. ಅಮೆರಿಕ ಸರ್ಕಾರದ ಕೆನಡಿ-ಲೂಗರ್ ವಿನಿಮಯ ಯೋಜನೆಯಲ್ಲಿ ಒಂದು ವರ್ಷ ಅಲ್ಲಿಯ ಮನೆಯಲ್ಲಿದ್ದು ಶಾಲೆಗೆ ಹೋಗಬಹುದು. ಇಸ್ರೋ 2019ರಲ್ಲಿ ಆರಂಭಿಸಿದ ಯುವಿಕಾ ಶಿಬಿರ ಒಂಬತ್ತನೆಯ ತರಗತಿಯವರಿಗೆ. ಗ್ರಾಮೀಣ ಶಾಲೆಯವರಿಗೆ ಅದರ ಆಯ್ಕೆಯಲ್ಲಿ ಹೆಚ್ಚಿನ ಅಂಕವಿದೆ. ಇವುಗಳಿಗೆ ಖರ್ಚು ಇಲ್ಲ, ಆದರೆ ಸ್ಪರ್ಧೆ ಇದೆ. ಅದಕ್ಕಾಗಿಯೇ ಪರದೇಶದ ಅರ್ಜಿಯಲ್ಲಿ ಇವುಗಳಿಗೆ ತೂಕವೂ ಇದೆ. ಎಷ್ಟೋ ಶಾಲೆಗಳು ಹೆಸರು ಕಳಿಸುವ ಕೊನೆಯ ದಿನಾಂಕವನ್ನೇ ಗಮನಿಸದೆ ಬಿಡುವುದರಿಂದ ಮಕ್ಕಳಿಗೆ ಆಗುವ ನಷ್ಟ ಸಣ್ಣದಲ್ಲ.

ಹಾವೇರಿ ಜಿಲ್ಲೆಯ ಮಟ್ಟಿಗೆ ಇನ್ನೂ ಮುಖ್ಯವಾದ ಸಂಗತಿ, ಜಗತ್ತಿನ ವ್ಯಾಪಾರ ಈ ಜಿಲ್ಲೆಯ ಒಳಗೇ ನಡೆಯುತ್ತಿದೆ ಎಂಬುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಡಬ್ಬಿ, ಕಡ್ಡಿ ಎಂಬ ಅದರ ಎರಡು ತಳಿಗಳ ಬೆಲೆ ನಿಂತಿರುವುದು ಖಾರದ ಮೇಲಲ್ಲ, ಬಣ್ಣದ ಮೇಲೆ. ಆ ಬಣ್ಣವನ್ನು ತೆಗೆದು ಓಲಿಯೋರೆಸಿನ್ ಎಂಬ ಸಾರವನ್ನು ಮಾಡಿ ಪರದೇಶಗಳಿಗೆ ಕಳಿಸುತ್ತಾರೆ. ಆಹಾರಕ್ಕೂ ಪ್ರಸಾಧನ ವಸ್ತುಗಳಿಗೂ ಅದು ಹೋಗುತ್ತದೆ. ಬಣ್ಣವನ್ನು ಅಳೆಯುವುದು ಅಸ್ಟಾ ಎಂಬ ಅಮೆರಿಕದ ಸಾಂಬಾರ ವ್ಯಾಪಾರಿಗಳ ಸಂಘದ ಮಾನದಿಂದ. ಪುಡಿಯನ್ನು ಅಸಿಟೋನ್‌ನಲ್ಲಿ ನೆನೆಸಿ, ಆ ದ್ರಾವಣ 460 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ನೋಡುತ್ತಾರೆ. ಪಿಯುಸಿ ರಸಾಯನಶಾಸ್ತ್ರ ಓದಿದವರಿಗೆ ಅರ್ಥವಾಗುವ ವಿಧಾನ ಇದು. ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ ಚೀಲ ಮತ್ತು ಮನೆಯ ಗೋದಾಮಿನಲ್ಲಿ ಇಟ್ಟ ಚೀಲ, ಈ ಎರಡರಲ್ಲಿ ಆರು ತಿಂಗಳಲ್ಲಿ ಬಣ್ಣ ಎಷ್ಟು ಇಳಿಯಿತು ಎಂದು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ ವಿದ್ಯಾರ್ಥಿಯ ಬಳಿ ಯಾವ ದೇಶದ ಪ್ರವೇಶಾಧಿಕಾರಿಯಾದರೂ ಕುತೂಹಲದಿಂದ ಓದುವ ಕೆಲಸವಿದೆ. ಕಣದ ಮೇಲೆ ತೇವದಲ್ಲಿ ಒಣಗಿಸಿದ ಕಾಯಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಏಕೆ ಹೆಚ್ಚುತ್ತದೆ, ಅದರಿಂದ ರಫ್ತಿನ ಸರಕು ಏಕೆ ತಿರಸ್ಕೃತವಾಗುತ್ತದೆ ಎಂಬ ಪ್ರಶ್ನೆ ಇದರ ಮಗ್ಗುಲಿನದೇ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ವಿಚಾರಿಸಿ ಮಾರ್ಗದರ್ಶನ ಪಡೆಯುವುದಕ್ಕೆ ವೀಸಾ ಬೇಕಿಲ್ಲ.

ರಾಣೇಬೆನ್ನೂರಿನ ಸುತ್ತ ಹೈಬ್ರಿಡ್ ಹತ್ತಿ ಮತ್ತು ತರಕಾರಿ ಬೀಜ ತಯಾರಾಗುತ್ತದೆ. ಸಂಜೆ ಹೂವಿನ ಗಂಡು ಭಾಗವನ್ನು ಕಿತ್ತು, ಮರುದಿನ ಬೆಳಿಗ್ಗೆ ಬೇರೆ ಗಿಡದ ಪರಾಗ ಸವರುವ ಕ್ರಾಸಿಂಗ್ ಕೆಲಸವನ್ನು ಇಲ್ಲಿಯ ಹೆಣ್ಣುಮಕ್ಕಳು ನುರಿತ ಕೈಯಿಂದ ಮಾಡುತ್ತಾರೆ. ಇದರ ಹಿಂದೆ ಧಾರವಾಡದ ಸಂಶೋಧನೆಯ ದೊಡ್ಡ ಪರಂಪರೆಯಿದೆ: ಬಿ. ಎಚ್. ಕಟರ್ಕಿಯವರು ಅಲ್ಲಿ ರೂಪಿಸಿದ ವರಲಕ್ಷ್ಮಿ 1972ರಲ್ಲಿ ಬಂದ ಹೈಬ್ರಿಡ್ ಹತ್ತಿ. ಮೆಂಡೆಲನ ನಿಯಮಗಳನ್ನು ಪುಸ್ತಕದಲ್ಲಿ ಓದುವ ವಿದ್ಯಾರ್ಥಿ ಅದು ನಡೆಯುವ ಹೊಲವನ್ನು ನಿತ್ಯ ದಾಟಿ ಕಾಲೇಜಿಗೆ ಹೋಗುತ್ತಾನೆ. ಆದರೆ ಇಲ್ಲಿ ಎಚ್ಚರ ಬೇಕು. ಬೀಜೋತ್ಪಾದನೆಯ ಹೊಲಗಳಲ್ಲಿ ಮಕ್ಕಳನ್ನು ದುಡಿಸಿದ್ದಕ್ಕೆ ಹಿಂದೆ ಬಲವಾದ ಆಕ್ಷೇಪ ಬಂದಿತ್ತು. 2016ರ ತಿದ್ದುಪಡಿಯ ನಂತರದ ಕಾನೂನು 14 ವರ್ಷದೊಳಗಿನವರನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆ, ಶಾಲೆಯ ಹೊತ್ತಿನಾಚೆ ಸ್ವಂತ ಕುಟುಂಬಕ್ಕೆ ನೆರವಾಗುವುದಕ್ಕೆ ಅವಕಾಶ ಬಿಡುತ್ತದೆ. 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಕಲಿಕೆಯ ಹೆಸರಿನಲ್ಲಿ ಅಗ್ಗದ ಕೂಲಿ ಸಿಗುವಂತಾದರೆ ಅದಕ್ಕೆ ಇಂಟರ್ನ್‌ಶಿಪ್ ಎಂಬ ಹೆಸರು ಸಲ್ಲದು. ಮಗು ಏನನ್ನು ಅಳೆಯಿತು, ಏನನ್ನು ಬರೆದಿಟ್ಟಿತು, ಯಾರು ಕಲಿಸಿದರು ಎಂಬುದರಿಂದ ಕಲಿಕೆಯನ್ನು ಗುರುತಿಸಬೇಕು.

ಕೆಲಸದ ಮೂಲಕ ಕಲಿಯುವ ವಿಚಾರಕ್ಕೆ ಹೊಸರಿತ್ತಿಯಲ್ಲಿ ಬೇರು ಇದೆ. 1937ರ ವರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬನ್ನು ಪಾಠದ ನಡುವೆ ತಂದಿತು. ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲ ಆ ದಾರಿಯಲ್ಲಿ ಬೆಳೆದ ವಸತಿ ಶಾಲೆ. ದೂರ ಹೋಗಿ ಕಲಿತು ಬರುವುದೂ ಈ ನೆಲಕ್ಕೆ ಹೊಸದಲ್ಲ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಾಗ ಅವರಿಗೆ 18 ವರ್ಷ, ಇಂದಿನ ಪಿಯು ವಿದ್ಯಾರ್ಥಿಯ ವಯಸ್ಸು. ಅಲ್ಲಿ ಕಲಿತದ್ದನ್ನು ಊರಿಗೆ ತಂದು ಖಾದಿ ಮತ್ತು ಗ್ರಾಮಸೇವೆಯಲ್ಲಿ ತೊಡಗಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲೇ ಪೊಲೀಸರ ಗುಂಡಿಗೆ ಬಲಿಯಾದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೆಯ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಬಡಗಿ, ಕುಂಬಾರ, ತೋಟಗಾರರಂಥ ಸ್ಥಳೀಯ ಕುಶಲಿಗರ ಬಳಿ ಕಲಿಯುವ ಅವಕಾಶವನ್ನು, ಹನ್ನೆರಡನೆಯ ತರಗತಿಯವರೆಗೆ ರಜೆಯಲ್ಲೂ ಅಂಥ ಇಂಟರ್ನ್‌ಶಿಪ್‌ಗಳನ್ನು ಸೂಚಿಸಿತ್ತು. ಹೊಸರಿತ್ತಿಗೆ ಇದು ಪರಿಚಯದ ಮಾತು.

ಕೆಲಸ ಎಷ್ಟೇ ಒಳ್ಳೆಯದಾದರೂ ಅದನ್ನು ಹೇಳುವ ಪತ್ರ ಬೇಕು. ಪರದೇಶದ ಅರ್ಜಿಗಳು ಶಾಲೆಯ ಸಲಹೆಗಾರರ ಶಿಫಾರಸು ಮತ್ತು ಶಾಲೆಯ ಪರಿಚಯ ಪತ್ರವನ್ನು ಕೇಳುತ್ತವೆ. ನಮ್ಮ ಪಿಯು ಕಾಲೇಜುಗಳಲ್ಲಿ ಸಲಹೆಗಾರರ ಹುದ್ದೆ ಇಲ್ಲದಿರುವುದರಿಂದ ಆ ಕೆಲಸ ಪ್ರಾಚಾರ್ಯರದು. ಕಾಲೇಜಿನಲ್ಲಿ ಎಷ್ಟು ವಿದ್ಯಾರ್ಥಿಗಳು, ಎಷ್ಟು ಜನ ಹತ್ತನೆಯವರೆಗೆ ಕನ್ನಡದಲ್ಲಿ ಓದಿದವರು, ಯಾವ ವಿಷಯಗಳ ಆಯ್ಕೆ ಇದೆ, ಪ್ರಯೋಗಾಲಯದಲ್ಲಿ ಏನಿದೆ, ಏನಿಲ್ಲ ಎಂದು ಒಂದು ಪುಟದಲ್ಲಿ ಬರೆದರೆ ಅರ್ಜಿ ಓದುವವರಿಗೆ ಮಗುವಿನ ಸಾಧನೆ ಎಷ್ಟು ಕಷ್ಟದ್ದೆಂಬುದು ಅರ್ಥವಾಗುತ್ತದೆ. ಈ ಒಂದು ಪುಟ ಹಲವು ಲಕ್ಷದ ಪ್ರವಾಸಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಶುಲ್ಕದ ಸಂಗತಿ ಎಲ್ಲಕ್ಕಿಂತ ಕಠಿಣ. ಅಮೆರಿಕದ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಒಟ್ಟು ವೆಚ್ಚ 80,000 ಡಾಲರ್ ದಾಟಿದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮುಂತಾದ ಬೆರಳೆಣಿಕೆಯ ಸಂಸ್ಥೆಗಳು ಮಾತ್ರ ಪರದೇಶದ ವಿದ್ಯಾರ್ಥಿಗೆ ನೆರವು ಬೇಕೋ ಬೇಡವೋ ಎಂಬುದನ್ನು ನೋಡದೆ ಆಯ್ಕೆ ಮಾಡಿ, ಅಗತ್ಯವಿದ್ದಷ್ಟು ಹಣ ಕೊಡುತ್ತವೆ. ಉಳಿದ ಬಹುತೇಕ ಕಡೆ ನೆರವು ಕೇಳಿದ ಅರ್ಜಿಯ ಆಯ್ಕೆ ಕಷ್ಟವಾಗುತ್ತದೆ. ಈ ಜಿಲ್ಲೆಯ ಸಾಮಾನ್ಯ ಕುಟುಂಬದ ಮಗುವಿನ ಪ್ರವೇಶದ ಮೇಲೆ ಇಂಟರ್ನ್‌ಶಿಪ್‌ಗಿಂತ ನೆರವಿನ ಕಾಲಂನ ಪರಿಣಾಮವೇ ದೊಡ್ಡದು. ಪರಿಶಿಷ್ಟ ಜಾತಿಯವರಿಗೆ ಇರುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವೂ ಸ್ನಾತಕೋತ್ತರ ಮತ್ತು ಪಿಎಚ್‌ಡಿ ಓದಿಗೆ ಮೀಸಲು.

ಹೀಗಾಗಿ ಹಾವೇರಿ ಭಾಗದ ಹೆಚ್ಚಿನವರಿಗೆ ಪರದೇಶದ ದಾರಿ ತೆರೆಯುವುದು ಪದವಿಯ ಹಂತದಲ್ಲಿ. ಆಗ ಇಂಟರ್ನ್‌ಶಿಪ್‌ನ ಸ್ಥಾನವೂ ಬದಲಾಗುತ್ತದೆ. ಕೃಷಿ ಪದವಿಯಲ್ಲಿ ಹಳ್ಳಿಯಲ್ಲೇ ಇದ್ದು ಕಲಿಯುವ ಗ್ರಾಮೀಣ ಕೃಷಿ ಕಾರ್ಯಾನುಭವ ಪಠ್ಯದ ಭಾಗ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್‌ನಲ್ಲಿ ಇಂಟರ್ನ್‌ಶಿಪ್ ಕಡ್ಡಾಯ. ಕೆನಡಾದ ಮೈಟಾಕ್ಸ್ ಗ್ಲೋಬಲಿಂಕ್ ಯೋಜನೆ ಭಾರತದ ಪದವಿ ವಿದ್ಯಾರ್ಥಿಗಳನ್ನು 12 ವಾರಗಳ ಸಂಶೋಧನೆಗೆ ತನ್ನದೇ ಖರ್ಚಿನಲ್ಲಿ ಕರೆಸಿಕೊಳ್ಳುತ್ತದೆ. ಜರ್ಮನಿಯ ಡಾಡ್ ಸಂಸ್ಥೆಯ ವೈಸ್ ಯೋಜನೆ ಆಯ್ದ ಭಾರತೀಯ ಸಂಸ್ಥೆಗಳ ವಿಜ್ಞಾನ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಅಂಥದ್ದೇ ಅವಕಾಶ ಕೊಡುತ್ತದೆ. ಜೆ-1 ಇಂಟರ್ನ್ ವೀಸಾದ ಅರ್ಹತೆಯೂ ಈ ಹೊತ್ತಿಗೆ ಬಂದಿರುತ್ತದೆ. ಪ್ರಯೋಗಾಲಯದಲ್ಲಿ ಜೊತೆಗೆ ದುಡಿದ ಪ್ರಾಧ್ಯಾಪಕರು ಬರೆದುಕೊಟ್ಟ ಪತ್ರ ಎಂಎಸ್, ಪಿಎಚ್‌ಡಿ ಪ್ರವೇಶದಲ್ಲಿ ನೇರವಾಗಿ ಕೆಲಸ ಮಾಡುತ್ತದೆ, ಏಕೆಂದರೆ ಅಲ್ಲಿ ಆಯ್ಕೆ ಮಾಡುವವರು ಆ ವಿದ್ಯಾರ್ಥಿಯೊಡನೆ ಮುಂದೆ ಸಂಶೋಧನೆ ನಡೆಸಬೇಕಾದ ಪ್ರಾಧ್ಯಾಪಕರೇ ಆಗಿರುತ್ತಾರೆ.